ನೋಡುತ್ತಾ ಕೂತವರಿಗೂ ಸರದಿ ಕೊಟ್ಟ ವೀ

ನನಗೆ ತುಂಬಾ ಇಷ್ಟವಾದ ಗೇಮ್ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ, ಯಾವುದು ಅಂತ ಯಾರು ಕೇಳಿದರೂ ನನ್ನ ಉತ್ತರ ಒಂದೇ: ನಿಂಟೆಂಡೊ ವೀ. ಅದಕ್ಕಿಂತ ಜೋರಾದ ಯಂತ್ರಗಳು ಆಗಲೂ ಇದ್ದವು, ಈಗಂತೂ ಬೇಕಾದಷ್ಟಿವೆ. ಚಿತ್ರ ಕಣ್ಣು ಕೋರೈಸುವಂಥವು, ಕಥೆ ಸಿನಿಮಾದಷ್ಟು ದೊಡ್ಡದಿರುವಂಥವು. ಅವುಗಳಲ್ಲಿ ಕೆಲವನ್ನು ನಾನೂ ಖುಷಿಯಿಂದ ಆಡಿದ್ದೇನೆ. ಆದರೆ ನಮ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಟಿವಿ ಮುಂದೆ ನಿಂತು ಆಡಿದ್ದು ವೀ ಒಂದನ್ನೇ.

ಮನೆ ಮಂದಿಯೆಲ್ಲ ಆಡುವ ಗೇಮ್ ಅಂದ ಕೂಡಲೇ ಜನ ಯೋಚಿಸುವುದು ಅದರಲ್ಲಿ ಏನೇನು ಇರಬಾರದು ಅಂತ. ರಕ್ತ ಬೇಡ, ಕೆಟ್ಟ ಮಾತು ಬೇಡ, ಹೊಡೆದಾಟ ಬೇಡ. ಸರಿ, ಅದೂ ಬೇಕು. ಆದರೆ ನಾನು ನೋಡುವ ಲೆಕ್ಕ ಬೇರೆ. ಟಿವಿ ಮುಂದೆ ಐದು ಜನ ಕೂತಿದ್ದಾರೆ ಅಂತಿಟ್ಟುಕೊಳ್ಳಿ. ಅವರಲ್ಲಿ ಎಷ್ಟು ಜನ ಆಡುತ್ತಿದ್ದಾರೆ, ಎಷ್ಟು ಜನ ಸುಮ್ನೆ ನೋಡುತ್ತಿದ್ದಾರೆ? ಈ ಲೆಕ್ಕದಲ್ಲಿ ವೀ ಹತ್ತಿರಕ್ಕೆ ಬರುವ ಕನ್ಸೋಲ್ ಇನ್ನೊಂದಿಲ್ಲ.

ಸುಮ್ನೆ ನೋಡುತ್ತಾ ಕೂರುವುದು ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆಗೆ ಮೈಸೂರಿನ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೆವು. ಅಲ್ಲಿ ಕ್ಯಾಸೆಟ್ ಹಾಕುವ ವಿಡಿಯೋ ಗೇಮ್ ಇತ್ತು. ಕ್ಯಾಸೆಟ್ ಮೇಲೆ 9999 ಇನ್ 1 ಅಂತ ದೊಡ್ಡದಾಗಿ ಬರೆದಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ಕೆಲವೇ ಆಟ. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಅನ್ನೋ ಕನ್ಸೋಲಿನ ನಕಲು ಅದು. ಆಗ ನಮಗೆ ನಿಂಟೆಂಡೊ ಹೆಸರೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮಾರಿಯೋ, ಕಾಂಟ್ರಾ ಅನ್ನೋ ಆಟಗಳು. ಜಾಯ್‌ಸ್ಟಿಕ್ ಎರಡು, ಎರಡೂ ಅಣ್ಣಂದಿರ ಕೈಯಲ್ಲಿ. ನಾವು ಹುಡುಗಿಯರು ಹಿಂದೆ ಚಾಪೆ ಮೇಲೆ. ಕೇಳಿದರೆ, "ನೀನು ಬೇಗ ಸಾಯ್ತೀಯ ಕಣೇ, ಲೈಫ್ ವೇಸ್ಟ್ ಆಗುತ್ತೆ" ಅನ್ನುತ್ತಿದ್ದರು. ಆಡಲು ಬರುವುದಿಲ್ಲ ಅಂತ ಕೊಡುವುದಿಲ್ಲ, ಕೊಡದೇ ಇದ್ದರೆ ಬರುವುದಾದರೂ ಹೇಗೆ?

ನನಗೂ ತಂಗಿಗೂ ಸರದಿ ಸಿಗುತ್ತಿದ್ದದ್ದು ಪಿಸ್ತೂಲಿನ ಬಾತುಕೋಳಿ ಆಟದಲ್ಲಿ. ಡಕ್ ಹಂಟ್. ಪಿಸ್ತೂಲು ಟಿವಿ ಕಡೆ ಹಿಡಿಯಬೇಕು, ಬಾತುಕೋಳಿ ಹಾರಿದಾಗ ಒತ್ತಬೇಕು. ಅಷ್ಟೇ. ಯಾವ ಬಟನ್ ಏನು ಮಾಡುತ್ತೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ದೊಡ್ಡಮ್ಮನೂ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಎರಡು ಬಾತುಕೋಳಿ ಹೊಡೆದು ಹೋಗುತ್ತಿದ್ದರು. ಅದು ಕೆಲಸ ಮಾಡುವ ರೀತಿಯೂ ಸೊಗಸು. ಟ್ರಿಗರ್ ಒತ್ತಿದ ತಕ್ಷಣ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ, ಮರುಕ್ಷಣ ಬಾತುಕೋಳಿ ಇರುವ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರುತ್ತದೆ. ಪಿಸ್ತೂಲಿನ ಮೂತಿಯಲ್ಲಿ ಬೆಳಕನ್ನು ಗುರುತಿಸುವ ಒಂದು ಚಿಕ್ಕ ಸೆನ್ಸರ್ ಇರುತ್ತದೆ. ಅದಕ್ಕೆ ಬಿಳಿ ಕಂಡರೆ ಗುರಿ ತಾಗಿತು ಅಂತ ಲೆಕ್ಕ.

ಈ ಪಿಸ್ತೂಲಿನ ವಿಷಯ ಇಷ್ಟು ಹೇಳಲು ಕಾರಣ ಇದೆ. ವೀ ಆಡುವುದು ಒಂದು ರಿಮೋಟನ್ನು ಕೈಯಲ್ಲಿ ಹಿಡಿದು ಬೀಸಿ, ಪರದೆ ಕಡೆ ತೋರಿಸಿ. ಆ ರಿಮೋಟ್ ಒಂದು ರೀತಿಯಲ್ಲಿ ಪಿಸ್ತೂಲಿನದೇ ತಿರುವುಮುರುವು. ಟಿವಿಯ ಮೇಲೋ ಕೆಳಗೋ ಒಂದು ಉದ್ದನೆಯ ತೆಳು ಪಟ್ಟಿ ಇಡುತ್ತೇವಲ್ಲ, ಸೆನ್ಸರ್ ಬಾರ್ ಅನ್ನುತ್ತಾರೆ. ಅದರ ಎರಡು ತುದಿಯಲ್ಲಿ ಇರುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬೀರುವ ಪುಟ್ಟ ದೀಪಗಳು ಮಾತ್ರ. ಕ್ಯಾಮೆರಾ ಇರುವುದು ರಿಮೋಟಿನ ಮೂತಿಯಲ್ಲಿ, ಕಪ್ಪು ಗಾಜಿನ ಹಿಂದೆ. ಆ ಕ್ಯಾಮೆರಾಗೆ ಎರಡು ಬೆಳಕಿನ ಚುಕ್ಕೆ ಎಲ್ಲಿ ಕಂಡವು ಅನ್ನುವುದರ ಮೇಲೆ ನಮ್ಮ ಕೈ ಪರದೆಯ ಯಾವ ಕಡೆ ತೋರಿಸುತ್ತಿದೆ ಅಂತ ಗೊತ್ತಾಗುತ್ತದೆ. ಪಟ್ಟಿ ತೆಗೆದು ಅದೇ ಅಂತರದಲ್ಲಿ ಎರಡು ಮೇಣದ ಬತ್ತಿ ಹಚ್ಚಿಟ್ಟರೂ ಗುರಿ ಕೆಲಸ ಮಾಡುತ್ತದೆ. ರಿಮೋಟ್ ಜೊತೆ ಬರುತ್ತಿದ್ದ ವೀ ಪ್ಲೇ ಅನ್ನುವ ಗೇಮಿನ ಶೂಟಿಂಗ್ ಆಟದಲ್ಲಿ ಮಧ್ಯೆ ಮಧ್ಯೆ ಬಾತುಕೋಳಿಗಳು ಹಾರಿ ಬರುತ್ತವೆ. ಅದನ್ನು ಮೊದಲ ಸಲ ನೋಡಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ರಿಮೋಟಿನ ಒಳಗಿನ ಇನ್ನೊಂದು ಭಾಗ ಆಕ್ಸೆಲೆರೊಮೀಟರ್. ಕೈ ಬೀಸಿದಾಗ, ಓರೆ ಮಾಡಿದಾಗ ಆಗುವ ಎಳೆತವನ್ನು ಮೂರು ದಿಕ್ಕಿನಲ್ಲೂ ಅಳೆಯುವ ಸಣ್ಣ ಚಿಪ್. ಈ ಚಿಪ್ಪಾಗಲಿ, ಇನ್‌ಫ್ರಾರೆಡ್ ಕ್ಯಾಮೆರಾ ಆಗಲಿ, ಬ್ಲೂಟೂತ್ ಆಗಲಿ 2006ರ ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. ಎಲ್ಲ ಬಳಸಿ ಪಳಗಿದ್ದ, ಅಗ್ಗವಾಗಿದ್ದ ಸಾಮಾನು. ನಿಂಟೆಂಡೊದ ಹಳೆಯ ದಾರಿಯೇ ಇದು. ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರ ಮಾಡಿದ ಗುನ್‌ಪೇ ಯೊಕೊಯ್ ಅಲ್ಲಿ ಈ ವಿಚಾರವನ್ನು ಬೇರೂರಿಸಿದವರು. ಬೆಲೆ ಇಳಿದಿರುವ, ಗುಣದೋಷ ಪೂರ್ತಿ ಗೊತ್ತಿರುವ ತಂತ್ರಜ್ಞಾನ ತಗೊಳ್ಳಿ, ಅದರಿಂದ ಯಾರೂ ಯೋಚಿಸಿರದ ಆಟ ಮಾಡಿ ಅನ್ನುವುದು ಅವರ ನಂಬಿಕೆ. ಯೊಕೊಯ್ 1997ರಲ್ಲೇ ತೀರಿಹೋದರು. ಅವರು ವೀ ನೋಡಲಿಲ್ಲ. ಆದರೆ ವೀ ಅವರ ಮಾತಿನಂತೆಯೇ ಹುಟ್ಟಿದ್ದು. ಅಂದಹಾಗೆ, 1889ರಲ್ಲಿ ಕ್ಯೋಟೋದಲ್ಲಿ ಶುರುವಾದಾಗ ನಿಂಟೆಂಡೊ ಮಾಡುತ್ತಿದ್ದದ್ದು ಹನಾಫುಡ ಅನ್ನೋ ಇಸ್ಪೀಟು. ನಾಲ್ಕು ಜನ ಸುತ್ತ ಕೂತು ಆಡುವ ಸಾಮಾನು ಮಾಡುವುದು ಆ ಕಂಪನಿಯ ಮೂಲ ಕಸುಬು.

2006ರ ನವೆಂಬರ್ 17ಕ್ಕೆ ಸೋನಿಯ ಪ್ಲೇಸ್ಟೇಷನ್ 3 ಅಮೆರಿಕದ ಅಂಗಡಿಗಳಿಗೆ ಬಂತು. ಬೆಲೆ 499 ಮತ್ತು 599 ಡಾಲರ್. ಎರಡೇ ದಿನದ ಮೇಲೆ, 19ಕ್ಕೆ, ವೀ ಬಂತು. ಬೆಲೆ 249.99 ಡಾಲರ್, ಬಾಕ್ಸ್ ಒಳಗೇ ಬೌಲಿಂಗ್, ಟೆನಿಸ್, ಗಾಲ್ಫ್ ಎಲ್ಲ ಇರುವ ವೀ ಸ್ಪೋರ್ಟ್ಸ್ ಗೇಮ್ ಉಚಿತ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಅದಕ್ಕೆ ಒಂದು ವರ್ಷ ಮೊದಲೇ ಬಂದಿತ್ತು. ಆ ಎರಡೂ ಎಚ್‌ಡಿ ಚಿತ್ರ ತೋರಿಸುತ್ತಿದ್ದವು. ವೀ ಚಿತ್ರ ಅದಕ್ಕಿಂತ ಕಡಿಮೆ, 480 ಗೆರೆಗಳಿಗೆ ನಿಲ್ಲುತ್ತಿತ್ತು. ಗೇಮ್ ಬಲ್ಲವರೆಲ್ಲ ಇದು ಮಕ್ಕಳ ಆಟಿಕೆ, ವರ್ಷದಲ್ಲಿ ಮೂಲೆ ಸೇರುತ್ತೆ ಅಂದರು. ಆಮೇಲೆ ಆದದ್ದೇ ಬೇರೆ. ಒಟ್ಟು 10 ಕೋಟಿಗಿಂತ ಜಾಸ್ತಿ ವೀ ಮಾರಾಟವಾಯಿತು. ವೀ ಸ್ಪೋರ್ಟ್ಸ್ 8 ಕೋಟಿಗೂ ಹೆಚ್ಚು ಮನೆಗಳಿಗೆ ಹೋಯಿತು. ಶುರುವಿನ ವರ್ಷಗಳಲ್ಲಿ ಅಮೆರಿಕದಲ್ಲಿ ಅದು ಸಿಗುವುದೇ ಕಷ್ಟವಾಗಿತ್ತು. ಸ್ಟಾಕ್ ಬಂದ ದಿನ ಬೆಳಗ್ಗೆಯೇ ಅಂಗಡಿ ಮುಂದೆ ಕ್ಯೂ. ನನ್ನ ಗಂಡ ಅಂಥ ಒಂದು ಚಳಿಯ ಭಾನುವಾರ ಥರ್ಮಾಸಿನಲ್ಲಿ ಕಾಫಿ ಹಿಡಿದುಕೊಂಡು ಹೋಗಿ ನಿಂತು ತಂದರು.

ನಾವು ಆಗ ನ್ಯೂಜೆರ್ಸಿಯಲ್ಲಿದ್ದೆವು. 2008ರ ಚಳಿಗಾಲದಲ್ಲಿ ನನ್ನ ಎರಡನೇ ಬಾಣಂತನಕ್ಕೆ ಅಂತ ಹಾಸನದಿಂದ ಅಪ್ಪ ಅಮ್ಮ ಬಂದಿದ್ದರು. ಅಮೆರಿಕಕ್ಕೆ ಮಕ್ಕಳ ಮನೆಗೆ ಬಂದ ತಂದೆ ತಾಯಂದಿರ ದಿನ ಹೇಗಿರುತ್ತದೆ ಅಂತ ಕಂಡವರಿಗೆ ಗೊತ್ತು. ಹೊರಗೆ ಹಿಮ. ಕಾರಿಲ್ಲದೆ ಎಲ್ಲಿಗೂ ಹೋಗುವ ಹಾಗಿಲ್ಲ. ಅಕ್ಕಪಕ್ಕದಲ್ಲಿ ಮಾತಿಗೆ ಜನ ಇಲ್ಲ. ಅಳಿಯ ಆಫೀಸಿಗೆ, ಮೊಮ್ಮಗ ಸ್ಕೂಲಿಗೆ. ಮಗು ಮಲಗಿದರೆ ಮನೆಯಲ್ಲಿ ಸದ್ದೇ ಇಲ್ಲ. ಸಂಜೆ ಮಗ ಬಂದು ವೀ ಹಾಕಿದಾಗ ಅಪ್ಪ ಅಮ್ಮ ಸೋಫಾದಲ್ಲಿ ಕೂತು ನೋಡುತ್ತಿದ್ದರು. "ನನಗೆ ಇದೆಲ್ಲ ಬರಲ್ಲ ಕಣೇ, ನೀವು ಆಡ್ಕೊಳ್ಳಿ" ಅಂದರು ಅಮ್ಮ. "ಸುಮ್ನೆ ಕೈ ಬೀಸು ಅಜ್ಜಿ, ಅಷ್ಟೇ" ಅಂತ ಮಗ ರಿಮೋಟನ್ನು ಅವರ ಕೈಗೆ ಹಾಕಿ, ಸ್ಟ್ರಾಪ್ ಮಣಿಕಟ್ಟಿಗೆ ಬಿಗಿದ.

ಅದು ವೀ ಸ್ಪೋರ್ಟ್ಸ್‌ನ ಬೌಲಿಂಗ್. ಕ್ರಿಕೆಟ್ಟಿನದಲ್ಲ, ಚೆಂಡು ಉರುಳಿಸಿ ದೂರದ ಪಿನ್‌ಗಳನ್ನು ಬೀಳಿಸುವ ಆಟ. ರಿಮೋಟಿನ ಕೆಳಗಿರುವ ಒಂದು ಬಟನ್ ಒತ್ತಿ ಹಿಡಿದು, ಕೈ ಹಿಂದಕ್ಕೆ ತಗೊಂಡು, ಮುಂದಕ್ಕೆ ಬೀಸುವಾಗ ಬಿಡಬೇಕು. ಚೆಂಡು ಉರುಳಿಕೊಂಡು ಹೋಗುತ್ತದೆ. ಮಣಿಕಟ್ಟು ಸ್ವಲ್ಪ ತಿರುಚಿದರೆ ಚೆಂಡೂ ತಿರುಗುತ್ತದೆ. ಬಟನ್ ತಪ್ಪಿ ಕೈ ಹಿಂದಿರುವಾಗಲೇ ಬಿಟ್ಟರೆ ಚೆಂಡು ಹಿಂದಕ್ಕೆ ಬೀಳುತ್ತದೆ, ಹಿಂದೆ ನಿಂತ ಗೊಂಬೆ ಜನರೆಲ್ಲ ಬೆಚ್ಚಿ ಹಾರುತ್ತಾರೆ. ಅಮ್ಮನ ಮೊದಲ ಚೆಂಡು ಹಿಂದಕ್ಕೇ ಬಿತ್ತು. ಆ ಗೊಂಬೆಗಳು ಹಾರಿದ್ದು ನೋಡಿ ಅಮ್ಮ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸೋತವರನ್ನೂ ನಗಿಸುವ ಹಾಗೆ ಆ ತಪ್ಪನ್ನು ಯಾರೋ ಕೂತು ಯೋಚಿಸಿ ಮಾಡಿದ್ದಾರೆ, ನೋಡಿ. ಬೇರೆ ಗೇಮ್ ಆಗಿದ್ದರೆ ಕೆಂಪು ಅಕ್ಷರದಲ್ಲಿ ಗೇಮ್ ಓವರ್ ಅಂತ ಬರುತ್ತಿತ್ತು, ಅಮ್ಮ ರಿಮೋಟ್ ವಾಪಸ್ ಕೊಟ್ಟು ಎದ್ದು ಹೋಗುತ್ತಿದ್ದರು.

ಒಂದೇ ರಿಮೋಟು ನಾಲ್ಕು ಜನರ ಕೈ ಬದಲಾಗುತ್ತದೆ ಬೌಲಿಂಗಿನಲ್ಲಿ. ನಮ್ಮ ಚೌಕಾಬಾರದ ಕವಡೆ ಇದ್ದ ಹಾಗೆ. ಒಬ್ಬರು ಆಡುವಾಗ ಉಳಿದವರಿಗೆ ಮಾತಾಡಲು, ಕಾಲೆಳೆಯಲು, ಕಾಫಿ ಕುಡಿಯಲು ಸಮಯ ಇರುತ್ತದೆ. ನೋಡುವವರು ಪರದೆಗಿಂತ ಜಾಸ್ತಿ ಆಡುವವರನ್ನೇ ನೋಡುತ್ತಾರೆ. ಹೀಗೆ ಆಡುವವರ ಮೈಯಲ್ಲೇ ಆಟ ಕಾಣುವುದು ನನಗೆ ವೀಯಲ್ಲಿ ಎಲ್ಲಕ್ಕಿಂತ ಇಷ್ಟ. ಅಪ್ಪ ಗಾಲ್ಫಿನಲ್ಲಿ ಗಾಳಿ ಎಷ್ಟು, ದೂರ ಎಷ್ಟು ಅಂತ ಲೆಕ್ಕ ಹಾಕಿ, ಕನ್ನಡಕ ಸರಿ ಮಾಡಿಕೊಂಡು, ಎರಡು ಸಲ ಸುಮ್ಮನೆ ಬೀಸಿ ನೋಡಿ ಆಮೇಲೆ ಹೊಡೆಯುತ್ತಿದ್ದರು. ಬ್ಯಾಂಕಿನಲ್ಲಿ ಜೀವಮಾನ ಲೆಜರ್ ಬರೆದ ಮನುಷ್ಯ. ಅವರು ಆಡುವುದನ್ನು ನೋಡಿದರೆ ಸಾಕು, ಅವರು ಯಾರು ಅಂತ ಗೊತ್ತಾಗಿಬಿಡುತ್ತಿತ್ತು.

ಟೆನಿಸ್‌ನಲ್ಲಿ ಇನ್ನೊಂದು ದೊಡ್ಡ ಉಪಕಾರ ಮಾಡಿದ್ದಾರೆ. ಅಲ್ಲಿ ಆಟಗಾರ ತಾನೇ ಓಡಿ ಚೆಂಡಿನ ಹತ್ತಿರ ಹೋಗುತ್ತಾನೆ. ನಾವು ಮಾಡಬೇಕಾದ್ದು ಸರಿಯಾದ ಹೊತ್ತಿಗೆ ಕೈ ಬೀಸುವುದು ಮಾತ್ರ. ಓಡಿಸುವ ಕೆಲಸವನ್ನೂ ನಮಗೇ ಕೊಟ್ಟಿದ್ದರೆ ಮತ್ತೆ ಎರಡು ಕೈ, ಕಡ್ಡಿ, ಬಟನ್ ಎಲ್ಲ ಬೇಕಾಗುತ್ತಿತ್ತು. ಆಗ ಮತ್ತೆ ಗೊತ್ತಿದ್ದವರು ಮುಂದೆ, ಗೊತ್ತಿಲ್ಲದವರು ಚಾಪೆ ಮೇಲೆ. ಆ ಕಾಲದ ಬೇರೆ ಕನ್ಸೋಲ್‌ಗಳ ಕಂಟ್ರೋಲರ್ ನೆನಪಿಸಿಕೊಳ್ಳಿ. ಎರಡು ಕಡ್ಡಿ, ಬಲಗಡೆ ನಾಲ್ಕು ಬಟನ್, ಮೇಲೆ ನಾಲ್ಕು, ಕಡ್ಡಿಗಳನ್ನು ಒತ್ತಿದರೆ ಅವೂ ಬಟನ್. ಮೊದಲ ಸಲ ಹಿಡಿದವರಿಗೆ ಎಲ್ಲಿ ಬೆರಳಿಡಬೇಕು ಅಂತಲೇ ತಿಳಿಯದು. ನಿಂಟೆಂಡೊದ ಸಟೋರು ಇವಾಟಾ 2005ರ ಸೆಪ್ಟೆಂಬರ್‌ನಲ್ಲಿ ಟೋಕಿಯೋ ಗೇಮ್ ಶೋನಲ್ಲಿ ತೋರಿಸಿದ್ದು ಟಿವಿ ರಿಮೋಟಿನಂತೆ ಒಂದೇ ಕೈಯಲ್ಲಿ ಹಿಡಿಯುವ ಬಿಳಿ ಕಡ್ಡಿ. ಟಿವಿ ರಿಮೋಟಿಗೆ ಯಾರೂ ಹೆದರುವುದಿಲ್ಲ, ಅಲ್ವಾ?

ಇವಾಟಾ ಬಗ್ಗೆ ಸ್ವಲ್ಪ ಹೇಳಲೇಬೇಕು. ಅವರು ಮೊದಲು ಪ್ರೋಗ್ರಾಮರ್, ಆಮೇಲೆ 2002ರಿಂದ ನಿಂಟೆಂಡೊ ಅಧ್ಯಕ್ಷ. ವೀ ಮಾಡುವಾಗ ಅವರ ತಂಡದ ತಲೆಯಲ್ಲಿ ಇದ್ದದ್ದು ಮನೆಯ ತಾಯಿ. ಯಾವ ತಾಯಿಯೂ ಇದನ್ನು ಹಾಲ್‌ನಿಂದ ಎತ್ತಿಡು ಅನ್ನಬಾರದು. ಅದಕ್ಕೇ ಎರಡು ಮೂರು ಡಿವಿಡಿ ಕೇಸ್ ಒಂದರ ಮೇಲೊಂದು ಇಟ್ಟಷ್ಟೇ ದಪ್ಪ ಇರಬೇಕು ಅಂತ ಹಟ ಹಿಡಿದರು. ಸದ್ದು ಕಡಿಮೆ, ಕರೆಂಟು ಕಡಿಮೆ. ಮಕ್ಕಳು ದಿನಕ್ಕೆ ಇಷ್ಟೇ ಹೊತ್ತು ಅಂತ ಅಪ್ಪ ಅಮ್ಮ ಗೊತ್ತು ಮಾಡಿದರೆ, ಆ ಹೊತ್ತು ಮುಗಿದ ಮೇಲೆ ಯಂತ್ರ ತಾನೇ ಆಫ್ ಆಗಲಿ ಅನ್ನುವ ವಿಚಾರವನ್ನೂ ಇವಾಟಾ ಮುಂದಿಟ್ಟಿದ್ದರು. ಗೇಮ್ ಮಾರಿ ಬದುಕುವ ಕಂಪನಿಯ ಅಧ್ಯಕ್ಷ! ತಂಡದವರು ಒಪ್ಪಲಿಲ್ಲ. ಕೊನೆಗೆ ಆಟದ ಸಮಯವೆಲ್ಲ ತಾನೇ ದಾಖಲಾಗುವಂತೆ ಮಾಡಿದರು. ಯಾವ ದಿನ ಯಾವ ಗೇಮ್ ಎಷ್ಟು ಹೊತ್ತು ಆಡಿದರು ಅಂತ ವೀ ಮೆಸೇಜ್ ಬೋರ್ಡಿನಲ್ಲಿ ಕಾಣುತ್ತದೆ. ಅಳಿಸಲು ಬರುವುದಿಲ್ಲ. ವೀ ಸ್ಪೋರ್ಟ್ಸ್ ಜಾಸ್ತಿ ಹೊತ್ತು ಆಡಿದರೆ ಸ್ವಲ್ಪ ವಿಶ್ರಾಂತಿ ತಗೊಳ್ಳಿ ಅಂತ ತೆರೆದ ಕಿಟಕಿಯ ಚಿತ್ರ ತೋರಿಸುತ್ತದೆ. ಈಗಿನ ಮೊಬೈಲ್ ಗೇಮ್‌ಗಳು ಮಕ್ಕಳನ್ನು ಬಿಡದೆ ಹಿಡಿದುಕೊಳ್ಳಲು ಏನೆಲ್ಲ ಮಾಡುತ್ತವೆ ಅಂತ ನೋಡಿದಾಗ ಆ ಕಿಟಕಿ ನನಗೆ ತುಂಬಾ ದೊಡ್ಡ ವಿಷಯ ಅನಿಸುತ್ತದೆ. ಇವಾಟಾ 2015ರ ಜುಲೈಯಲ್ಲಿ 55ನೇ ವಯಸ್ಸಿಗೇ ಹೋಗಿಬಿಟ್ಟರು. ದೂರದ ಕಂಪನಿಯೊಂದರ ಅಧ್ಯಕ್ಷ ತೀರಿಕೊಂಡದ್ದಕ್ಕೆ ನಾನು ಅತ್ತಿದ್ದು ಅದೊಂದೇ ಸಲ.

ಮೀ ಗೊಂಬೆಗಳ ವಿಷಯ ಬಿಟ್ಟರೆ ಈ ಬರಹ ಪೂರ್ತಿಯಾಗದು. ಮುಖ, ಕೂದಲು, ಹುಬ್ಬು, ಮೂಗು ಆರಿಸಿಕೊಂಡು ನಮ್ಮದೇ ಒಂದು ಪುಟ್ಟ ಗೊಂಬೆ ಮಾಡಿಕೊಳ್ಳಬಹುದು. ಬೊಟ್ಟು ಇಡುವ ಸೌಲಭ್ಯ ಇಲ್ಲ. ಆದರೆ ಮಚ್ಚೆ ಇಡಬಹುದು, ಅದನ್ನು ಬೇಕಾದ ಕಡೆ ಜರುಗಿಸಬಹುದು. ನಾನು ಮಚ್ಚೆಯನ್ನು ಹಣೆಯ ಮಧ್ಯಕ್ಕೆ ತಂದು ದೊಡ್ಡದು ಮಾಡಿದೆ. ಅಮ್ಮನ ಬೊಟ್ಟು ಆಯಿತು! ಅಪ್ಪನಿಗೆ ಕನ್ನಡಕ, ಮೀಸೆ. ಆಮೇಲೆ ಅದೇ ಒಂದು ಆಟವಾಗಿ ದೊಡ್ಡಮ್ಮ, ಹಾಸನದ ಪಕ್ಕದ ಮನೆ ಆಂಟಿ, ಅಪ್ಪನ ಬ್ಯಾಂಕಿನ ಗೆಳೆಯರು ಎಲ್ಲರೂ ಗೊಂಬೆಯಾದರು. ವೀ ಸ್ಪೋರ್ಟ್ಸ್ ಈ ಗೊಂಬೆಗಳನ್ನೇ ಬೇಸ್‌ಬಾಲ್ ತಂಡಕ್ಕೆ ಸೇರಿಸುತ್ತದೆ, ಪಕ್ಕದ ಲೇನಿನಲ್ಲಿ ಬೌಲಿಂಗ್ ಆಡಿಸುತ್ತದೆ. "ನೋಡ್ರೀ, ಸಾವಿತ್ರಿ ಬಂದಿದ್ದಾಳೆ" ಅಂತ ಅಮ್ಮ ಅಪ್ಪನಿಗೆ ತೋರಿಸುತ್ತಿದ್ದರು. ಊರು ಬಿಟ್ಟು ಬಂದು ಹಿಮದಲ್ಲಿ ಕೂತವರಿಗೆ ಅದು ಎಷ್ಟು ದೊಡ್ಡ ಸಮಾಧಾನ ಅಂತ ಕ್ಯೋಟೋದವರಿಗೆ ಗೊತ್ತಿತ್ತೋ ಇಲ್ಲವೋ. ಹವಾಮಾನದ ಚಾನೆಲ್‌ನಲ್ಲಿ ಭೂಮಿಯ ಗೋಳವನ್ನು ಕೈಯಿಂದ ತಿರುಗಿಸಬಹುದಿತ್ತು. ಅಪ್ಪ ದಿನಾ ಬೆಳಗ್ಗೆ ಅದನ್ನು ಭಾರತದ ಕಡೆಗೆ ತಿರುಗಿಸಿ ಅಲ್ಲಿಯ ಬಿಸಿಲು ಮಳೆ ನೋಡುತ್ತಿದ್ದರು.

ಹಲಗೆಯೊಂದರ ಮೇಲೆ ನಿಲ್ಲಿಸಿ ವ್ಯಾಯಾಮ ಮಾಡಿಸುವ ವೀ ಫಿಟ್ ಅನ್ನೋ ಗೇಮ್ ಅಮೆರಿಕಕ್ಕೆ ಬಂದದ್ದು 2008ರ ಮೇನಲ್ಲಿ. ಮಾರಿಯೋ ಹುಟ್ಟಿಸಿದ ಶಿಗೆರು ಮಿಯಾಮೊಟೊ ತಮ್ಮ ತೂಕವನ್ನು ದಿನಾ ಬರೆದಿಡುವ ಅಭ್ಯಾಸ ಮಾಡಿಕೊಂಡಿದ್ದರಂತೆ, ಆ ಅಭ್ಯಾಸದಿಂದಲೇ ಇದು ಹುಟ್ಟಿದ್ದು. ಆ ಬಿಳಿ ಹಲಗೆಯ ನಾಲ್ಕು ಮೂಲೆಯಲ್ಲಿ ಭಾರ ಅಳೆಯುವ ಸೆನ್ಸರ್ ಇರುತ್ತವೆ. ಮೇಲೆ ನಿಂತರೆ ಭಾರ ಯಾವ ಕಡೆ ಜಾಸ್ತಿ ಬಿದ್ದಿದೆ ಅಂತ ಪರದೆಯಲ್ಲಿ ಕೆಂಪು ಚುಕ್ಕೆ ತೋರಿಸುತ್ತದೆ. ಅದರಲ್ಲಿ ಸೂರ್ಯನಮಸ್ಕಾರವೂ ಇದೆ. ಪೂರ್ತಿ ಹನ್ನೆರಡು ಹಂತದ್ದಲ್ಲ, ಮೊಟಕು ಮಾಡಿದ್ದು. ಅಮ್ಮನಿಗೆ ಅದು ಸರಿಬರಲಿಲ್ಲ. "ಇದೇನು ಅರ್ಧಕ್ಕೇ ಎದ್ದುಬಿಟ್ಟ" ಅಂತ ಪರದೆಯ ಮೇಷ್ಟ್ರಿಗೆ ಹೇಳಿ ತಮ್ಮದನ್ನು ತಾವು ಪೂರ್ತಿ ಮಾಡಿದರು. ಆದರೆ ವೃಕ್ಷಾಸನ ತುಂಬಾ ಹಿಡಿಸಿತು. ಒಂಟಿ ಕಾಲಲ್ಲಿ ನಿಂತಾಗ ಮೈ ಎಷ್ಟು ಅಲ್ಲಾಡುತ್ತದೆ ಅಂತ ಚುಕ್ಕೆ ನೋಡಿ ತಿಳಿಯುವುದು ಅವರಿಗೆ ಹೊಸದು. ದಿನದಿನಕ್ಕೂ ಚುಕ್ಕೆ ಕಡಿಮೆ ಓಡಾಡುತ್ತಿತ್ತು, ಅದು ಅವರ ಹೆಮ್ಮೆ. ವೀ ಫಿಟ್‌ನಲ್ಲಿ ನನಗೆ ಹಿಡಿಸದ್ದು ಒಂದಿದೆ. ಎತ್ತರ ತೂಕದ ಲೆಕ್ಕ ಹಾಕಿ ನೀವು ದಪ್ಪ ಅಂತ ಹೇಳುತ್ತದೆ, ಗೊಂಬೆಯ ಹೊಟ್ಟೆಯನ್ನೂ ಉಬ್ಬಿಸಿ ತೋರಿಸುತ್ತದೆ. ಬೆಳೆಯುವ ಮಕ್ಕಳಿಗೆ ಮನೆ ಮಂದಿ ಮುಂದೆ ಹಾಗೆ ಹೇಳಬಾರದು. ಎಲ್ಲರನ್ನೂ ಅಷ್ಟು ಪ್ರೀತಿಯಿಂದ ಕರೆದ ಯಂತ್ರ ಇಲ್ಲಿ ಎಡವಿತು ಅನ್ನುತ್ತೇನೆ.

ಈಗ ಗೇಮ್ ಗೊತ್ತಿದ್ದವರು ವೀ ಮೇಲೆ ಹೊರಿಸುವ ದೊಡ್ಡ ದೂರಿಗೆ ಬರೋಣ. ಕೈ ಪೂರ್ತಿ ಬೀಸಬೇಕಿಲ್ಲ, ಸೋಫಾದಲ್ಲಿ ಕೂತು ಮಣಿಕಟ್ಟು ಅಲ್ಲಾಡಿಸಿದರೂ ಚೆಂಡು ಹೋಗುತ್ತದೆ, ಇದು ಮೋಸ ಅಂತ. ನಿಜ. ಆಕ್ಸೆಲೆರೊಮೀಟರಿಗೆ ಕೈ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಎಷ್ಟು ಜೋರಾಗಿ ಎಳೆಯಿತು ಅಂತ ಮಾತ್ರ ಗೊತ್ತಾಗುತ್ತದೆ. 2009ರಲ್ಲಿ ನಿಂಟೆಂಡೊ ಇದನ್ನು ಸರಿಪಡಿಸಲು ಮೋಷನ್‌ಪ್ಲಸ್ ಅಂತ, ತಿರುಗುವುದನ್ನು ಅಳೆಯುವ ಗೈರೊಸ್ಕೋಪ್ ಇರುವ ಪುಟ್ಟ ಸಾಧನ ತಂದಿತು. ಅದನ್ನು ರಿಮೋಟಿನ ಬಾಲಕ್ಕೆ ಸಿಕ್ಕಿಸಿದರೆ ಕೈಯ ಪ್ರತಿ ತಿರುವೂ ಪರದೆಯಲ್ಲಿ ಹಾಗೇ ಬರುತ್ತದೆ. ಅದಕ್ಕೆಂದೇ ಮಾಡಿದ ವೀ ಸ್ಪೋರ್ಟ್ಸ್ ರೆಸಾರ್ಟ್‌ನ ಕತ್ತಿವರಸೆ, ಟೇಬಲ್ ಟೆನಿಸ್ ನಿಜಕ್ಕೂ ಅದ್ಭುತ. ನನ್ನ ಮಗ ಟೇಬಲ್ ಟೆನಿಸ್ ಬಿಟ್ಟು ಏಳುತ್ತಿರಲಿಲ್ಲ.

ಆದರೆ ಅಪ್ಪನ ವಿಷಯ ಕೇಳಿ. ಅವರಿಗೆ ಬಲಭುಜದ ಕೀಲು ಹಿಡಿದುಕೊಂಡಿತ್ತು, ಕೈ ಮೇಲೆ ಎತ್ತಲು ಆಗುತ್ತಿರಲಿಲ್ಲ. ಹಳೆಯ ವೀ ಸ್ಪೋರ್ಟ್ಸ್‌ನಲ್ಲಿ ಅವರು ಕುರ್ಚಿಯಲ್ಲಿ ಕೂತು ಮೊಣಕೈಯಿಂದ ಕೆಳಗಷ್ಟೇ ಅಲ್ಲಾಡಿಸಿ ಬೌಲಿಂಗ್ ಆಡುತ್ತಿದ್ದರು, ಮೊಮ್ಮಗನನ್ನು ಸೋಲಿಸುತ್ತಲೂ ಇದ್ದರು. ಮುಂದಿನ ಸಲ ಬಂದಾಗ ರೆಸಾರ್ಟ್ ಹಾಕಿದೆವು. ಚೆಂಡು ಕೈ ಹೋದ ಹಾಗೇ ಹೋಗುತ್ತಿತ್ತು. ಅವರ ಕೈ ನೇರ ಹೋಗುವುದಿಲ್ಲ, ಹಾಗಾಗಿ ಚೆಂಡೂ ಹೋಗಲಿಲ್ಲ. ಸ್ವಲ್ಪ ಹೊತ್ತು ಆಡಿ, "ಹಳೇದೇ ಹಾಕಮ್ಮ" ಅಂದರು. ಗೇಮ್ ಪತ್ರಿಕೆಗಳು ದೋಷ ಅಂತ ಬರೆದ ಆ ಒರಟುತನವೇ ಅಪ್ಪನಿಗೆ ಜಾಗ ಮಾಡಿಕೊಟ್ಟಿತ್ತು. ಯಂತ್ರ ನಮ್ಮ ಮೈಯನ್ನು ಕರಾರುವಾಕ್ಕಾಗಿ ಅಳೆಯುತ್ತಾ ಹೋದಷ್ಟೂ ಮೈ ಸರಿಯಿಲ್ಲದವರು ಹೊರಗುಳಿಯುತ್ತಾರೆ. ಅಮೆರಿಕದ ವೃದ್ಧಾಶ್ರಮಗಳಲ್ಲಿ ಹಿರಿಯರು ಗಾಲಿಕುರ್ಚಿಯಲ್ಲಿ ಕೂತೇ ವೀ ಬೌಲಿಂಗ್ ಪಂದ್ಯ ನಡೆಸಿದ್ದು, ಫಿಸಿಯೋಥೆರಪಿಯವರು ಅದನ್ನು ಬಳಸಿಕೊಂಡದ್ದು ಈ ಒರಟುತನದಿಂದಲೇ. 2010ರಲ್ಲಿ ಬಂದ ಮೈಕ್ರೋಸಾಫ್ಟ್ ಕಿನೆಕ್ಟ್ ಕ್ಯಾಮೆರಾದಿಂದ ನಮ್ಮ ಮೈಯನ್ನೇ ನೋಡಿ ಆಡಿಸುತ್ತದೆ, ಕೈಯಲ್ಲಿ ಏನೂ ಹಿಡಿಯಬೇಕಿಲ್ಲ. ಕೇಳಲು ಸುಲಭ. ಆದರೆ ಅದಕ್ಕೆ ದೊಡ್ಡ ಹಾಲ್ ಬೇಕು, ಎದ್ದು ನಿಂತ ಪೂರ್ತಿ ಮೈ ಕಾಣಬೇಕು. ಅಮ್ಮನಿಗೆ ಕೈಯಲ್ಲಿ ಒಂದು ವಸ್ತು ಇದ್ದರೇನೇ ಧೈರ್ಯ.

ಎಲ್ಲರಿಗೂ ಜಾಗ ಮಾಡುವ ಈ ಯೋಚನೆ ವೀ ಸ್ಪೋರ್ಟ್ಸ್‌ಗೆ ಮುಗಿಯಲಿಲ್ಲ. ಗೇಮ್ ಚೆನ್ನಾಗಿ ಬಲ್ಲವರು ಆಡುವ ಗೇಮ್‌ಗಳಲ್ಲೂ ಅದು ಇತ್ತು. 2007ರ ಸೂಪರ್ ಮಾರಿಯೋ ಗ್ಯಾಲಕ್ಸಿ ನನ್ನ ಪ್ರಕಾರ ಆ ಯಂತ್ರದ ಅತ್ಯುತ್ತಮ ಗೇಮ್. ಅದನ್ನು ಆಡುವುದು ಒಬ್ಬರೇ. ಆದರೂ ಎರಡನೆಯವರು ಇನ್ನೊಂದು ರಿಮೋಟ್ ಹಿಡಿದು ಪರದೆ ಮೇಲೆ ಬೊಟ್ಟು ಮಾಡಿ ನಕ್ಷತ್ರದ ಚೂರು ಹೆಕ್ಕಬಹುದು, ಶತ್ರುವನ್ನು ಹಿಡಿದು ನಿಲ್ಲಿಸಬಹುದು. ನಾನು ಮಾರಿಯೋ ಓಡಿಸುತ್ತಿದ್ದೆ, ಮಗ ಪಕ್ಕದಲ್ಲಿ ಕೂತು ಚೂರು ಹೆಕ್ಕುತ್ತಿದ್ದ. ಅವನಿಗೆ ಗೇಮ್ ನಡೆಸುತ್ತಿರುವುದು ತಾನೇ ಅನ್ನುವ ಭಾವನೆ. 2009ರ ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ವೀ ಇನ್ನೂ ಮುಂದೆ ಹೋಯಿತು. ನಾಲ್ಕು ಜನ ಒಂದೇ ಪರದೆಯಲ್ಲಿ. ಕಷ್ಟದ ಜಾಗ ಬಂದರೆ ಒಂದು ಬಟನ್ ಒತ್ತಿ ಗುಳ್ಳೆಯೊಳಗೆ ಸೇರಿಕೊಳ್ಳಬಹುದು. ಉಳಿದವರು ದಾಟಿದ ಮೇಲೆ ಅವರು ಮುಟ್ಟಿದರೆ ಗುಳ್ಳೆ ಒಡೆಯುತ್ತದೆ, ಮತ್ತೆ ಆಟಕ್ಕೆ. ಒಬ್ಬರೇ ಆಡುವಾಗ ಒಂದೇ ಹಂತದಲ್ಲಿ ಎಂಟು ಸಲ ಸತ್ತರೆ ಹಸಿರು ಡಬ್ಬಿಯೊಂದು ಬರುತ್ತದೆ. ಅದನ್ನು ಗುದ್ದಿದರೆ ಮಾರಿಯೋನ ತಮ್ಮ ಲುಯಿಜಿ ಬಂದು ಆ ಹಂತವನ್ನು ತಾನೇ ಆಡಿ ತೋರಿಸುತ್ತಾನೆ. ಮಾರಿಯೋ ಕಾರ್ಟ್ ಅನ್ನೋ ರೇಸಿನ ಗೇಮ್‌ನಲ್ಲಿ ಹಿಂದೆ ಬಿದ್ದವರಿಗೇ ಒಳ್ಳೊಳ್ಳೆ ಅಸ್ತ್ರ ಸಿಗುವುದು. ಲೈಫ್ ವೇಸ್ಟ್ ಆಗುತ್ತೆ ಅಂತ ತಂಗಿಯ ಕೈಯಿಂದ ಜಾಯ್‌ಸ್ಟಿಕ್ ಕಿತ್ತುಕೊಳ್ಳಬೇಕಾದ ಕಾರಣವನ್ನೇ ಇವರು ಗೇಮಿನಿಂದ ತೆಗೆದುಹಾಕಿದ್ದಾರೆ. ಇದಕ್ಕೆ ಎಷ್ಟು ಯೋಚನೆ ಬೇಕು ಹೇಳಿ.

ಅಗ್ಗದ ಸಾಮಾನಿನ ಇನ್ನೊಂದು ಫಲವನ್ನೂ ಹೇಳಿಬಿಡುತ್ತೇನೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜಾನಿ ಚಂಗ್ ಲೀ ಅನ್ನುವವರು 2007ರಲ್ಲಿ ವೀ ರಿಮೋಟಿನ ಕ್ಯಾಮೆರಾವನ್ನೇ ಬಳಸಿ, ಇನ್‌ಫ್ರಾರೆಡ್ ದೀಪವಿರುವ ಪೆನ್ನಿನಿಂದ ಗೋಡೆ ಮೇಲೆ ಬರೆಯುವ ಡಿಜಿಟಲ್ ಬೋರ್ಡ್ ಮಾಡಿ ತೋರಿಸಿದರು. ಸಾವಿರಾರು ಡಾಲರಿನ ಬೋರ್ಡಿನ ಕೆಲಸ ಒಂದು ಗೇಮ್ ರಿಮೋಟಿನಲ್ಲಿ.

ಕೊರತೆ ಇರಲಿಲ್ಲ ಅಂತಲ್ಲ. ವೀ ಹೆಸರಿನಲ್ಲಿ ಸಿಕ್ಕಾಪಟ್ಟೆ ಕಳಪೆ ಗೇಮ್ ಬಂದವು. ಸುಮ್ನೆ ಕೈ ಅಲ್ಲಾಡಿಸಿದರಾಯಿತು ಅನ್ನೋ ಥರದವು. ಇಂಟರ್‌ನೆಟ್‌ನಲ್ಲಿ ಗೆಳೆಯರ ಜೊತೆ ಆಡಲು ಉದ್ದುದ್ದ ಅಂಕಿಗಳ ಕೋಡ್ ಬರೆದುಕೊಳ್ಳಬೇಕಿತ್ತು, ಅದು ನಿಜಕ್ಕೂ ಹಿಂಸೆ. ಶುರುವಿನಲ್ಲಿ ಸ್ಟ್ರಾಪ್ ಹರಿದು ರಿಮೋಟ್ ಹಾರಿದ ದೂರುಗಳು ಬಂದು ನಿಂಟೆಂಡೊ 32 ಲಕ್ಷ ಸ್ಟ್ರಾಪ್ ಬದಲಿಸಿಕೊಡಬೇಕಾಯಿತು. ಎಚ್‌ಡಿ ಟಿವಿಗಳು ಮನೆಮನೆಗೆ ಬಂದ ಮೇಲೆ ಚಿತ್ರ ಮಸುಕಾಗಿ ಕಾಣುತ್ತಿತ್ತು. ಇವೆಲ್ಲ ಸರಿ. ಇವುಗಳಿಂದ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ನನಗೆ ಬೇಸರ ಇರುವುದು ಆಮೇಲೆ ಆದದ್ದರ ಬಗ್ಗೆ. ನಿಂಟೆಂಡೊದ ಮುಂದಿನ ಕನ್ಸೋಲ್, 2012ರ ವೀ ಯು, ಪರದೆ ಇರುವ ದೊಡ್ಡ ಕಂಟ್ರೋಲರ್ ಒಬ್ಬರ ಕೈಗೆ ಕೊಟ್ಟು ಉಳಿದವರನ್ನು ಬೇರೆ ಮಾಡಿತು. ಅದು 1.4 ಕೋಟಿಯನ್ನೂ ಮುಟ್ಟಲಿಲ್ಲ. ಅದರ ನಂತರದ, 2017ರ ಸ್ವಿಚ್ ದೊಡ್ಡ ಗೆಲುವು, 15 ಕೋಟಿಗಿಂತ ಜಾಸ್ತಿ ಮಾರಿದೆ. ನಮ್ಮನೆಯಲ್ಲೂ ಇದೆ, ಒಳ್ಳೊಳ್ಳೆ ಗೇಮ್ ಇವೆ. ಆದರೆ ಅದರ ಬಾಕ್ಸ್‌ನಲ್ಲಿ ವೀ ಸ್ಪೋರ್ಟ್ಸ್ ಥರದ್ದು ಏನೂ ಬರಲಿಲ್ಲ. ಸ್ವಿಚ್ ಸ್ಪೋರ್ಟ್ಸ್ ಬಂದದ್ದು 2022ರಲ್ಲಿ, ಅದೂ ಬೇರೆ ದುಡ್ಡಿಗೆ. ಅದರ ಕಂಟ್ರೋಲರ್ ಜಾಯ್‌ಕಾನ್ ಚಿಕ್ಕದು, ಬಟನ್‌ಗಳು ಬಹಳ, ಅಮ್ಮನ ಬೆರಳಿಗೆ ಸಿಗುವುದಿಲ್ಲ. ಜೊತೆಗೆ, ಟಿವಿಯಿಂದ ಕಿತ್ತುಕೊಂಡು ರೂಮಿಗೆ ಹೋಗಿಬಿಡಬಹುದು. ಮಕ್ಕಳು ಹಾಗೇ ಮಾಡುತ್ತಾರೆ. ತಪ್ಪು ಅನ್ನಲ್ಲ. ಆದರೆ ಹಾಲ್‌ನಲ್ಲೇ ಇರಬೇಕಾದ ಯಂತ್ರ ಒಂದಾದರೂ ಬೇಕು. ನಿಂಟೆಂಡೊ ಮತ್ತೆ ಅಂಥದ್ದು ಮಾಡಬೇಕು ಅಂತ ನಾನು ಮನಸಾರೆ ಬಯಸುತ್ತೇನೆ. ಕಡಿಮೆ ಬಟನ್ನಿನ ರಿಮೋಟು, ಬಾಕ್ಸ್ ಒಳಗೇ ಒಂದು ಬೌಲಿಂಗ್, ಮಧ್ಯಮ ವರ್ಗದವರಿಗೆ ಎಟುಕುವ ಬೆಲೆ.

ಬೆಂಗಳೂರಿಗೆ ವಾಪಸ್ ಬರುವಾಗ ನಮ್ಮ ವೀ ಜೊತೆಗೇ ಬಂತು. ಈಗ ಹಳೇ ವೀ ಹುಡುಕುತ್ತಿರುವವರಿಗೆ ಗೊತ್ತಿರಬೇಕಾದ್ದು ಸ್ವಲ್ಪ ಇದೆ. ಅಮೆರಿಕದ ವೀ ಜೊತೆ ಬರುವ ಅಡಾಪ್ಟರ್ 120 ವೋಲ್ಟಿನದು, ನಮ್ಮ 230ಕ್ಕೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಿ, ಇಲ್ಲವೇ 230ಕ್ಕೆ ಆಗುವ ವೀ ಅಡಾಪ್ಟರನ್ನೇ ತಗೊಳ್ಳಿ. ಅಮೆರಿಕದ ಯಂತ್ರದಲ್ಲಿ ಯುರೋಪಿನ ಡಿಸ್ಕ್ ನಡೆಯುವುದಿಲ್ಲ, ಯಂತ್ರ ಮತ್ತು ಡಿಸ್ಕ್ ಒಂದೇ ಪ್ರದೇಶದವು ಇರಬೇಕು. ಹೊಸ ಟಿವಿಯಲ್ಲಿ ಕೆಂಪು, ಬಿಳಿ, ಹಳದಿ ಪಿನ್ನಿನ ಜಾಗ ಇಲ್ಲದಿದ್ದರೆ ಎಚ್‌ಡಿಎಂಐ ಮಾಡುವ ಪುಟ್ಟ ಕನ್ವರ್ಟರ್ ಸಿಗುತ್ತದೆ. ಆನ್‌ಲೈನ್ ಅಂಗಡಿ 2019ರ ಜನವರಿಯಲ್ಲೇ ಮುಚ್ಚಿದೆ, ಹಾಗಾಗಿ ಡಿಸ್ಕ್‌ಗಳನ್ನೇ ನೆಚ್ಚಿಕೊಳ್ಳಬೇಕು. ಬ್ಯಾಟರಿ ಪೆನ್‌ಸೆಲ್, ಒಂದು ರಿಮೋಟಿಗೆ ಎರಡು. ದುಡ್ಡು ಕೊಡುವ ಮೊದಲು ವೀ ಸ್ಪೋರ್ಟ್ಸ್ ಡಿಸ್ಕ್ ಜೊತೆಗೆ ಬರುತ್ತದಾ ಅಂತ ತಪ್ಪದೆ ಕೇಳಿ. ಬರುವುದಿಲ್ಲ ಅಂದರೆ ಬೇರೆ ಕಡೆ ಹುಡುಕಿ.